ಪ್ರೊಸೆಸರಿನ ವೇಗ ಹೆಚ್ಚಿಸಬಹುದೆ? ಬಾತಿಯ ಬೇಸಿಗೆಯಲ್ಲಿ ಒಂದು ಲೆಕ್ಕ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತರೆ ಊರು ದಾಟಿದ ಸ್ವಲ್ಪ ಹೊತ್ತಿಗೆ ಬಾತಿ ಸಿಗುತ್ತದೆ. ಅಲ್ಲಿ ಒಂದು ಮನೆಯ ಮಹಡಿಯ ಕೋಣೆಯಲ್ಲಿ, ಬಿಸಿಲಿಗೆ ಕಾದ ಆರ್‌ಸಿಸಿ ಸೂರಿನ ಕೆಳಗೆ, ಒಂದು ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ ಎಂದುಕೊಳ್ಳಿ. ಅದರ ಒಡತಿ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾಳೆ. ಲೋಹದ ತಗಡಿನಲ್ಲಿ ಉಷ್ಣ ಹೇಗೆ ಹರಡುತ್ತದೆ ಎಂದು ಲೆಕ್ಕಹಾಕುವ ಪ್ರೋಗ್ರಾಮು ಅವಳ ಪ್ರಾಜೆಕ್ಟ್. ಒಂದು ಸಲ ಓಡಿಸಿದರೆ ಉತ್ತರ ಬರಲು 10 ಗಂಟೆ ಬೇಕು. ಇನ್ನೂ 20 ಸಲ ಓಡಿಸಬೇಕಾಗಿದೆ. ಈಗ ಏಪ್ರಿಲ್; ಪ್ರಾಜೆಕ್ಟ್ ಒಪ್ಪಿಸುವುದು ಮೇ ತಿಂಗಳಲ್ಲಿ. ಗೆಳೆಯನೊಬ್ಬ ಸಲಹೆ ಕೊಡುತ್ತಾನೆ: "ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡು. ಶೇಕಡ 20ರಷ್ಟು ವೇಗ ಪುಕ್ಕಟೆ ಸಿಗುತ್ತದೆ."

ಅವಳು ಏನು ಮಾಡಬೇಕು? ಇದನ್ನು ನಿರ್ಧರಿಸಲು ಪಿ.ಯು. ತರಗತಿಯ ಭೌತಶಾಸ್ತ್ರ ಸಾಕು. ಕಾಗದ, ಪೆನ್ಸಿಲು ಹತ್ತಿರ ಇಟ್ಟುಕೊಳ್ಳಿ.

ಮೋಟರು ಮತ್ತು ಗೇರು

ಪ್ರೊಸೆಸರ್, ಅಂದರೆ ಸಂಸ್ಕಾರಕ, ತನ್ನ ಕೆಲಸವನ್ನು ಒಂದು ತಾಳಕ್ಕೆ ಸರಿಯಾಗಿ ಮಾಡುತ್ತದೆ. ಈ ತಾಳವೇ ಕ್ಲಾಕ್. ಆವೃತ್ತಿ 3.5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 350 ಕೋಟಿ ಬಡಿತಗಳು. ಎರಡು ಬಡಿತಗಳ ನಡುವೆ ಸಿಗುವ ಕಾಲ ಸುಮಾರು 286 ಪಿಕೊಸೆಕೆಂಡು. ಒಂದು ಪಿಕೊಸೆಕೆಂಡು ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲಿ ಬೆಳಕು ಕೂಡ ಒಂಬತ್ತು ಸೆಂಟಿಮೀಟರ್ ಸಾಗಲಾರದು.

ಈ ತಾಳ ಹುಟ್ಟುವುದು ಹೇಗೆ? ಹರಿಹರದವರಿಗೆ ಇದನ್ನು ವಿವರಿಸಲು ಲೇತ್ ಯಂತ್ರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1941ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿಹೋಗಿದೆ. ಆದರೆ ಅದು ತಯಾರಿಸಿದ ಲೇತ್‌ಗಳನ್ನು ಕಂಡವರು ಈ ಭಾಗದಲ್ಲಿ ಬಹಳ ಮಂದಿ ಇದ್ದಾರೆ. ಲೇತ್‌ನ ಮೋಟರು ನಿಮಿಷಕ್ಕೆ 1440 ಸುತ್ತಿನ ಆಸುಪಾಸಿನಲ್ಲಿ ಒಂದೇ ವೇಗದಲ್ಲಿ ತಿರುಗುತ್ತಿರುತ್ತದೆ. ಸ್ಪಿಂಡಲ್ ಎಷ್ಟು ವೇಗದಲ್ಲಿ ತಿರುಗಬೇಕು ಎಂಬುದನ್ನು ಗೇರು ನಿರ್ಧರಿಸುತ್ತದೆ. ಕಂಪ್ಯೂಟರಿನಲ್ಲೂ ಹೀಗೆಯೇ. ಮದರ್‌ಬೋರ್ಡ್ 100 ಮೆಗಾಹರ್ಟ್ಸ್‌ನ ಮೂಲ ಕ್ಲಾಕ್ ಕೊಡುತ್ತದೆ. ಪ್ರೊಸೆಸರ್ ಅದನ್ನು 35ರಿಂದ ಗುಣಿಸಿಕೊಂಡರೆ 3.5 ಗಿಗಾಹರ್ಟ್ಸ್ ಆಗುತ್ತದೆ. ಗುಣಕವನ್ನು 42 ಮಾಡಿದರೆ 4.2 ಗಿಗಾಹರ್ಟ್ಸ್. ಇದು ಗೇರು ಬದಲಾಯಿಸಿದಂತೆ. ಮೂಲ ಕ್ಲಾಕನ್ನೇ ಏರಿಸುವುದೆಂದರೆ ಮೋಟರನ್ನೇ ವೇಗವಾಗಿ ತಿರುಗಿಸಿದಂತೆ. ಅದಕ್ಕೆ ತಗುಲಿಕೊಂಡಿರುವ ಮೆಮೊರಿ ಮುಂತಾದ ಬೇರೆ ಭಾಗಗಳೂ ಓಡಬೇಕಾಗುತ್ತದೆ, ಅವಕ್ಕೆ ಇಷ್ಟವಿರಲಿ ಇಲ್ಲದಿರಲಿ.

1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ಈ ಹವ್ಯಾಸಕ್ಕೆ ಹೆಸರು ತಂದಿತು. ಅದರ ಗುಣಕ 4.5, ಮೂಲ ಕ್ಲಾಕ್ 66 ಮೆಗಾಹರ್ಟ್ಸ್. ಮೂಲ ಕ್ಲಾಕನ್ನು 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಚಿಪ್ 450ರಲ್ಲಿ ಓಡುತ್ತಿತ್ತು. ಎಲ್ಲ ಚಿಪ್‌ಗಳೂ ಅಲ್ಲ, ಆದರೆ ಬಹಳಷ್ಟು ಓಡುತ್ತಿದ್ದವು. ಇಂದು ಹಾಗಿಲ್ಲ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಗೆ 'ಕೆ' ಅಕ್ಷರವಿರುವ ಪ್ರೊಸೆಸರುಗಳ ಗುಣಕ ಮಾತ್ರ ಬಿಡುಗಡೆಯಾಗಿರುತ್ತದೆ. ಅದನ್ನು ಬಳಸಲು 'ಝಡ್' ಸರಣಿಯ ಮದರ್‌ಬೋರ್ಡೂ ಬೇಕು. 2017ರಿಂದ ಬಂದ ಎಎಂಡಿ ರೈಜೆನ್ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಹೆಚ್ಚಿನವು ಬಿಡುಗಡೆಯಾದವೇ, ಆದರೆ 'ಎ' ಸರಣಿಯ ಅಗ್ಗದ ಬೋರ್ಡುಗಳಲ್ಲಿ ಆ ಸೌಲಭ್ಯವಿಲ್ಲ. ನಿಮ್ಮ ಕಂಪ್ಯೂಟರ್ ಈ ಪಟ್ಟಿಯಲ್ಲಿ ಇಲ್ಲದಿದ್ದರೆ ನಿಮ್ಮ ನಿರ್ಧಾರ ಆಗಲೇ ಆಗಿಹೋಗಿದೆ. ಆದರೂ ಮುಂದೆ ಓದಿ.

ಆ ಅಂತರ ಯಾರಿಗಾಗಿ?

ತಯಾರಕರು 3.5 ಎಂದು ಬರೆದ ಚಿಪ್ 4.2ರಲ್ಲೂ ಓಡುವುದಾದರೆ, ಅವರೇ 4.2 ಎಂದು ಬರೆಯಬಹುದಿತ್ತಲ್ಲ? ಇದು ಎಲ್ಲರೂ ಕೇಳಬೇಕಾದ ಪ್ರಶ್ನೆ, ಕೇಳುವವರು ಕಡಿಮೆ.

ಸಿಲಿಕಾನ್ ಬಿಲ್ಲೆಯೊಂದರಿಂದ ಕತ್ತರಿಸಿದ ನೂರಾರು ಚಿಪ್‌ಗಳು ಒಂದೇ ತೆರನಾಗಿ ಇರುವುದಿಲ್ಲ. ಕೆಲವು ಚುರುಕು, ಕೆಲವು ಮಂದ. ಪರೀಕ್ಷಿಸಿ ವಿಂಗಡಿಸಿ ಬೇರೆ ಬೇರೆ ವೇಗದ ಹೆಸರಿನಲ್ಲಿ ಮಾರುತ್ತಾರೆ. ಹಾಗೆ ಮಾರುವಾಗ ಚಿಪ್‌ನ ನಿಜವಾದ ಮಿತಿಗೂ ಮೇಲೆ ಬರೆದ ವೇಗಕ್ಕೂ ನಡುವೆ ಒಂದಿಷ್ಟು ಅಂತರ ಬಿಡುತ್ತಾರೆ. ಚಿಪ್ ಬಿಸಿಯಾದಾಗ ಅದರೊಳಗಿನ ಸಂಕೇತಗಳು ನಿಧಾನವಾಗುತ್ತವೆ. ವರ್ಷಗಳು ಕಳೆದಂತೆ ಟ್ರಾನ್ಸಿಸ್ಟರುಗಳು ಸವೆಯುತ್ತವೆ. ವಿದ್ಯುತ್ ಪೂರೈಕೆ ಅಲುಗಾಡುತ್ತದೆ. ಫ್ಯಾನಿಗೆ ದೂಳು ಕಟ್ಟುತ್ತದೆ. ಇವೆಲ್ಲ ಒಟ್ಟಿಗೆ ಬಂದಾಗಲೂ ಲೆಕ್ಕ ತಪ್ಪಬಾರದೆಂದು ಬಿಟ್ಟ ಅಂತರ ಅದು.

ಹವಾನಿಯಂತ್ರಿತ ಕೋಣೆಯಲ್ಲಿ ಹೊಸ ಕಂಪ್ಯೂಟರ್ ಇಟ್ಟುಕೊಂಡವನಿಗೆ ಈ ಅಂತರ ಮಿಗುವುದು ನಿಜ. ಅದನ್ನು ಅವನು ಪುಕ್ಕಟೆ ವೇಗ ಎಂದು ಕರೆದರೆ ತಪ್ಪೇನಿಲ್ಲ. ಆದರೆ ಬಾತಿಯ ಮಹಡಿಯ ಕೋಣೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ? ಹೊರಗಿನ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳಿವೆ. ಹೆದ್ದಾರಿಯ ದೂಳು ಕಿಟಕಿಯಿಂದಲೇ ಬರುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರ ಇರುವವರಿಗೆ ಮಸಿಯೂ ಸೇರುತ್ತದೆ. ತಯಾರಕರು ಅಂತರ ಬಿಟ್ಟದ್ದೇ ಇಂಥ ಕೋಣೆಗಾಗಿ. ಅದನ್ನು ನಮ್ಮ ಬೇಸಿಗೆ ಮೊದಲೇ ಖರ್ಚು ಮಾಡಿಬಿಟ್ಟಿರುತ್ತದೆ.

ಎಷ್ಟು ಖರ್ಚಾಗಿದೆ ಎಂದು ಈಗ ಅಂಕಿಗಳಲ್ಲಿ ನೋಡೋಣ.

ವೋಲ್ಟೇಜಿನ ವರ್ಗ

ಚಿಪ್‌ನೊಳಗಿನ ಪ್ರತಿಯೊಂದು ಟ್ರಾನ್ಸಿಸ್ಟರಿನ ದ್ವಾರವೂ ಒಂದು ಪುಟ್ಟ ಧಾರಕ. ಸಂಕೇತ ಬದಲಾದಾಗಲೆಲ್ಲ ಅದು ತುಂಬುತ್ತದೆ, ಖಾಲಿಯಾಗುತ್ತದೆ. ಧಾರಕದಲ್ಲಿ ಶೇಖರವಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ನೀವು ಓದಿದ್ದೀರಿ. ಸೆಕೆಂಡಿಗೆ ಎಷ್ಟು ಸಲ ತುಂಬಿ ಖಾಲಿಯಾಗುತ್ತದೆ ಎಂಬುದು ಆವೃತ್ತಿ. ಆದ್ದರಿಂದ

ಸಾಮರ್ಥ್ಯ ∝ ಧಾರಕತೆ × (ವೋಲ್ಟೇಜ್)² × ಆವೃತ್ತಿ

ಆವೃತ್ತಿಯನ್ನು ಮಾತ್ರ ಏರಿಸಿದರೆ ಸಾಮರ್ಥ್ಯ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ತೊಂದರೆ ಏನೆಂದರೆ, 4.2 ಗಿಗಾಹರ್ಟ್ಸ್‌ನಲ್ಲಿ ಎರಡು ಬಡಿತಗಳ ನಡುವೆ ಸಿಗುವುದು 238 ಪಿಕೊಸೆಕೆಂಡು ಮಾತ್ರ. ಅಷ್ಟರಲ್ಲಿ ಸಂಕೇತಗಳು ತಮ್ಮ ಜಾಗ ಮುಟ್ಟಬೇಕಾದರೆ ಟ್ರಾನ್ಸಿಸ್ಟರುಗಳನ್ನು ಚುರುಕುಗೊಳಿಸಬೇಕು, ಅಂದರೆ ವೋಲ್ಟೇಜ್ ಏರಿಸಬೇಕು. ವರ್ಗ ಕೆಲಸ ಮಾಡುವುದು ಇಲ್ಲಿ.

ನಮ್ಮ ವಿದ್ಯಾರ್ಥಿನಿಯ ಪ್ರೊಸೆಸರ್ 3.5 ಗಿಗಾಹರ್ಟ್ಸ್, 1.20 ವೋಲ್ಟ್‌ನಲ್ಲಿ ಪೂರ್ಣ ಹೊರೆ ಹೊತ್ತಾಗ 80 ವ್ಯಾಟ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. 4.2ಕ್ಕೆ ಏರಿಸಲು 1.35 ವೋಲ್ಟ್ ಬೇಕಾಯಿತು. ಆವೃತ್ತಿ 1.2 ಪಟ್ಟು. ವೋಲ್ಟೇಜ್ 1.125 ಪಟ್ಟು, ಅದರ ವರ್ಗ 1.266. ಎರಡರ ಗುಣಲಬ್ಧ 1.52. ಹೊಸ ಸಾಮರ್ಥ್ಯ ಸುಮಾರು 121 ವ್ಯಾಟ್. ವೇಗ ಶೇಕಡ 20 ಹೆಚ್ಚಿತು, ಉಷ್ಣ ಶೇಕಡ 52 ಹೆಚ್ಚಿತು. ಇದೆಲ್ಲ ಹೊರಬೀಳುವುದು ಸುಮಾರು 2 ಚದರ ಸೆಂಟಿಮೀಟರ್ ಸಿಲಿಕಾನಿನಿಂದ, ಅಂದರೆ ಚದರ ಸೆಂಟಿಮೀಟರಿಗೆ 60 ವ್ಯಾಟ್. ಮನೆಯ 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆಯ ತಳದ ವಿಸ್ತೀರ್ಣವನ್ನು ನೀವೇ ಅಳೆದು ಭಾಗಿಸಿ ನೋಡಿ; 5 ಅಥವಾ 6 ವ್ಯಾಟ್ ಬಂದೀತು.

ಈ ಉಷ್ಣವನ್ನು ಹೀಟ್‌ಸಿಂಕ್ ಮತ್ತು ಫ್ಯಾನು ಗಾಳಿಗೆ ಸಾಗಿಸುತ್ತವೆ. ಓಮನ ನಿಯಮದ ಹಾಗೆಯೇ ಇಲ್ಲೂ ಒಂದು ರೋಧವಿದೆ. ಅದಕ್ಕೆ ಉಷ್ಣರೋಧ ಎನ್ನೋಣ. ಸಾಧಾರಣ ಕೂಲರ್ ಒಂದರ ಉಷ್ಣರೋಧ ವ್ಯಾಟಿಗೆ 0.4 ಡಿಗ್ರಿ ಎಂದಾದರೆ, 80 ವ್ಯಾಟ್‌ಗೆ ಚಿಪ್ ತನ್ನ ಸುತ್ತಲಿನ ಗಾಳಿಗಿಂತ 32 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. 121 ವ್ಯಾಟ್‌ಗೆ 48 ಡಿಗ್ರಿ. ಗಮನಿಸಿ: ಇದು ಗಾಳಿಗಿಂತ ಹೆಚ್ಚಿರುವ ಮೊತ್ತ. ಗಾಳಿ ಎಷ್ಟು ಬಿಸಿ ಇದೆಯೋ ಅದಕ್ಕೆ ಇದನ್ನು ಕೂಡಬೇಕು.

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಕೋಣೆ 24 ಡಿಗ್ರಿ, ಡಬ್ಬದ ಒಳಗೆ ಇನ್ನೂ 5 ಹೆಚ್ಚು, ಅಂದರೆ 29. ಓವರ್‌ಕ್ಲಾಕ್ ಮಾಡಿದ ಚಿಪ್ 77 ಡಿಗ್ರಿಯಲ್ಲಿ ಆರಾಮವಾಗಿ ಇರುತ್ತದೆ. ಎಲ್ಲ ಪರೀಕ್ಷೆಗಳಲ್ಲೂ ಪಾಸಾಗುತ್ತದೆ. ಏಪ್ರಿಲ್‌ನಲ್ಲಿ ಕೋಣೆ 36, ಡಬ್ಬದೊಳಗೆ 41. ಅದೇ ಚಿಪ್ ಈಗ 89 ಡಿಗ್ರಿ. ಹೀಟ್‌ಸಿಂಕಿನ ರೆಕ್ಕೆಗಳ ಸಂದಿಯಲ್ಲಿ ದೂಳು ಕಟ್ಟಿ ಉಷ್ಣರೋಧ 0.5ಕ್ಕೆ ಏರಿದರೆ 100 ದಾಟುತ್ತದೆ. ಅಷ್ಟೇ ಅಲ್ಲ, ಚಿಪ್ ಬಿಸಿಯಾದಷ್ಟೂ ಟ್ರಾನ್ಸಿಸ್ಟರುಗಳ ಮೂಲಕ ಸೋರುವ ವಿದ್ಯುತ್ತು ಹೆಚ್ಚುತ್ತದೆ, ಅದು ಇನ್ನಷ್ಟು ಬಿಸಿ ಮಾಡುತ್ತದೆ. (ಸಮುದ್ರ ಮಟ್ಟದಿಂದ 600 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಶೇಕಡ 6-7ರಷ್ಟು ಕಡಿಮೆ ಎಂಬುದನ್ನೂ ಲೆಕ್ಕಪ್ರಿಯರು ಸೇರಿಸಿಕೊಳ್ಳಬಹುದು.)

ಚಿಪ್ ಸುಟ್ಟುಹೋಗುವುದೆ? ಸಾಮಾನ್ಯವಾಗಿ ಇಲ್ಲ. ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು 95ರಿಂದ 100 ಡಿಗ್ರಿಯ ಸುತ್ತ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ; ಇನ್ನೂ ಏರಿದರೆ ಯಂತ್ರ ಆರಿಹೋಗುತ್ತದೆ. ಅಂದರೆ 4.2 ಎಂದು ಹೊಂದಿಸಿದ್ದು ಮಧ್ಯಾಹ್ನ ಮೂರು ಗಂಟೆಗೆ 3.4ರಲ್ಲಿ ಓಡುತ್ತಿರಬಹುದು, ಮೊದಲಿದ್ದುದಕ್ಕಿಂತ ಹೆಚ್ಚು ವೋಲ್ಟೇಜ್ ಕುಡಿಯುತ್ತ.

ಟೂಲು ಸವೆಯುವ ಲೆಕ್ಕ

ಸವೆತದ ವಿಷಯಕ್ಕೆ ಮತ್ತೆ ಲೇತ್‌ಗೆ ಬರೋಣ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಎಫ್. ಡಬ್ಲ್ಯು. ಟೇಲರ್ ಲೋಹ ಕತ್ತರಿಸುವ ವೇಗಕ್ಕೂ ಟೂಲಿನ ಆಯುಷ್ಯಕ್ಕೂ ಇರುವ ಸಂಬಂಧವನ್ನು ಸೂತ್ರವಾಗಿ ಕೊಟ್ಟ. ಹೈಸ್ಪೀಡ್ ಸ್ಟೀಲ್ ಟೂಲಿಗೆ ಆ ಸೂತ್ರದ ಘಾತಸೂಚಿ ಸುಮಾರು 8ಕ್ಕೆ ಸಮ. 1.1ರ 8ನೇ ಘಾತ 2.14. ಎಂದರೆ ವೇಗ ಶೇಕಡ 10 ಏರಿಸಿದರೆ ಟೂಲಿನ ಆಯುಷ್ಯ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಇದು ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರಿಗೆ ಸೂತ್ರವಿಲ್ಲದೆಯೂ ಗೊತ್ತು.

ಚಿಪ್‌ನಲ್ಲಿ ಸವೆಯುವುದು ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ತಂತಿಗಳು. ಎಲೆಕ್ಟ್ರಾನುಗಳ ಪ್ರವಾಹ ಲೋಹದ ಪರಮಾಣುಗಳನ್ನು ಮೆಲ್ಲನೆ ತಳ್ಳಿಕೊಂಡು ಹೋಗುತ್ತದೆ, ತುಂಗಭದ್ರೆ ದಡದ ಮರಳನ್ನು ಒಯ್ಯುವಂತೆ. ಒಂದೆಡೆ ಗುಳಿ, ಇನ್ನೊಂದೆಡೆ ದಿಬ್ಬ. 1969ರಲ್ಲಿ ಜೇಮ್ಸ್ ಬ್ಲಾಕ್ ಕೊಟ್ಟ ಸಮೀಕರಣದ ಪ್ರಕಾರ ತಂತಿಯ ಆಯುಷ್ಯ ವಿದ್ಯುತ್ ಸಾಂದ್ರತೆಯ ಸರಿಸುಮಾರು ವರ್ಗಕ್ಕೆ ವಿಲೋಮವಾಗಿಯೂ, ಉಷ್ಣತೆ ಏರಿದಂತೆ ಘಾತೀಯವಾಗಿಯೂ ಕುಗ್ಗುತ್ತದೆ. ಟ್ರಾನ್ಸಿಸ್ಟರಿನ ದ್ವಾರದ ಕೆಳಗಿರುವ ನಿರೋಧಕ ಪದರವೂ ಹೆಚ್ಚಿನ ವೋಲ್ಟೇಜಿಗೆ ಬೇಗ ಹಾಳಾಗುತ್ತದೆ. ಉಷ್ಣತೆ ಕಡಿಮೆ ಇದ್ದರೆ ಎಷ್ಟು ವೋಲ್ಟೇಜ್ ಕೊಟ್ಟರೂ ಚಿಂತೆಯಿಲ್ಲ ಎಂಬ ಮಾತು ಅದಕ್ಕೇ ಸರಿಯಲ್ಲ.

ಇದಕ್ಕೆ ಈಚಿನ ಎರಡು ನಿದರ್ಶನಗಳಿವೆ. 2023ರಲ್ಲಿ ಎಎಂಡಿಯ ರೈಜೆನ್ 7000 ಸರಣಿಯ ಕೆಲವು ಪ್ರೊಸೆಸರುಗಳು ಸುಟ್ಟುಹೋದ ಮೇಲೆ ಒಂದು ಪೂರೈಕೆಯ ವೋಲ್ಟೇಜನ್ನು 1.3ಕ್ಕೆ ಮಿತಿಗೊಳಿಸಿ ಹೊಸ ಬಯಾಸ್ ಹೊರಡಿಸಬೇಕಾಯಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳು ಅತಿಯಾದ ವೋಲ್ಟೇಜಿನಿಂದ ಅಸ್ಥಿರವಾಗುತ್ತಿವೆ ಎಂದು ಕಂಪನಿಯೇ ಒಪ್ಪಿಕೊಂಡು ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಹಾಳಾದ ಚಿಪ್‌ಗಳನ್ನು ಆ ತಿದ್ದುಪಡಿ ಸರಿಪಡಿಸಲಿಲ್ಲ. ಇವೆರಡೂ ತಯಾರಕರ ಕಣ್ಣೆದುರೇ ಆದದ್ದು. ನಾವೇ ಓವರ್‌ಕ್ಲಾಕ್ ಮಾಡಿ ಹಾಳಾದರೆ ಸಾಮಾನ್ಯವಾಗಿ ವಾರಂಟಿಯೂ ಅನ್ವಯಿಸದು.

ಬಸ್ಸಿನ ಪ್ರಯಾಣ

ಇಷ್ಟೆಲ್ಲ ತೆತ್ತು ಪಡೆಯುವುದೇನು? ದಾವಣಗೆರೆ-ಹರಿಹರ ಬಸ್ಸಿಗೆ ವಾಪಸಾಗೋಣ. ಬಾತಿ ಕೆರೆಯ ಬಳಿ ಚಾಲಕ ಎಷ್ಟೇ ಜೋರಾಗಿ ಓಡಿಸಲಿ, ದಾವಣಗೆರೆಯ ರಸ್ತೆಗಳಲ್ಲಿ ತೆವಳಿದ ಹೊತ್ತೂ ಹರಿಹರದ ನಿಲ್ದಾಣ ಹೊಕ್ಕುವ ಹೊತ್ತೂ ಕಡಿಮೆಯಾಗುವುದಿಲ್ಲ. ಕಂಪ್ಯೂಟರಿಗೆ ಅನ್ವಯಿಸುವ ಇಂಥದೇ ನಿಯಮವನ್ನು 1967ರಲ್ಲಿ ಜೀನ್ ಆಮ್ಡಾಲ್ ಮುಂದಿಟ್ಟ: ಕೆಲಸದ ಯಾವ ಭಾಗವನ್ನು ಚುರುಕು ಮಾಡುತ್ತೀರೋ ಆ ಭಾಗದಲ್ಲಿ ಮಾತ್ರ ಲಾಭ.

ಆ 10 ಗಂಟೆಯಲ್ಲಿ 7 ಗಂಟೆ ಪ್ರೊಸೆಸರಿನ ಕೆಲಸ, 3 ಗಂಟೆ ಮೆಮೊರಿ ಮತ್ತು ಡಿಸ್ಕ್‌ಗಾಗಿ ಕಾಯುವುದು ಎಂದಿರಲಿ. 7ನ್ನು 1.2ರಿಂದ ಭಾಗಿಸಿದರೆ 5 ಗಂಟೆ 50 ನಿಮಿಷ. ಕಾಯುವ 3 ಗಂಟೆ ಹಾಗೇ ಉಳಿಯಿತು. ಒಟ್ಟು 8 ಗಂಟೆ 50 ನಿಮಿಷ. ಉಳಿತಾಯ 1 ಗಂಟೆ 10 ನಿಮಿಷ. ಅವಳು ರಾತ್ರಿ 8ಕ್ಕೆ ಪ್ರೋಗ್ರಾಮು ಹಚ್ಚಿ ಮಲಗುತ್ತಾಳೆ. ಮೊದಲಾದರೆ ಬೆಳಿಗ್ಗೆ 6ಕ್ಕೆ ಮುಗಿಯುತ್ತಿತ್ತು, ಈಗ 4.50ಕ್ಕೆ ಮುಗಿಯುತ್ತದೆ. ಎರಡೂ ಸಂದರ್ಭದಲ್ಲಿ ದಿನಕ್ಕೆ ಒಂದೇ ಓಟ, 20 ಓಟಕ್ಕೆ 20 ರಾತ್ರಿ!

ಕಾಣದ ತಪ್ಪು

ನನ್ನನ್ನು ಹೆಚ್ಚು ಕಾಡುವುದು ಆಯುಷ್ಯವಲ್ಲ, ಹಣವೂ ಅಲ್ಲ. ಸಂಕೇತವೊಂದು 238 ಪಿಕೊಸೆಕೆಂಡಿನೊಳಗೆ ತಲಪದಿದ್ದರೆ 1 ಇರಬೇಕಾದಲ್ಲಿ 0 ದಾಖಲಾಗುತ್ತದೆ. ಅದು ಪ್ರೋಗ್ರಾಮಿನ ಆಜ್ಞೆಯಲ್ಲಿ ಆದರೆ ಕಂಪ್ಯೂಟರ್ ನಿಂತುಹೋಗುತ್ತದೆ, ನಿಮಗೆ ಗೊತ್ತಾಗುತ್ತದೆ. ದತ್ತಾಂಶದಲ್ಲಿ ಆದರೆ? ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ಸಾಮಾನ್ಯವಾಗಿ 64 ಬಿಟ್‌ಗಳಲ್ಲಿ ಇಡುತ್ತದೆ: 1 ಚಿಹ್ನೆಗೆ, 11 ಘಾತಕ್ಕೆ, 52 ಅಂಕಿಗಳಿಗೆ. ಘಾತದ ಬಿಟ್ ತಪ್ಪಿದರೆ ತಗಡಿನ ಉಷ್ಣತೆ ಸೂರ್ಯನನ್ನು ಮೀರಿ ನಗೆಪಾಟಲಾಗಬಹುದು. ಅಂಕಿಗಳ ನಡುವಿನ ಬಿಟ್ ತಪ್ಪಿದರೆ 61.8 ಇರಬೇಕಾದ್ದು 61.3 ಆಗಬಹುದು. ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಅವಳು ಅದನ್ನು ನಕ್ಷೆಯಾಗಿ ಬರೆದು, ವರದಿಯಲ್ಲಿ ಸೇರಿಸಿ, ಪರೀಕ್ಷಕರ ಎದುರು ವಿವರಿಸುತ್ತಾಳೆ. ಇದೇ ಕಾರಣಕ್ಕೆ, ಶಾಲೆಯ ಕಚೇರಿಯಲ್ಲಿ ಮಕ್ಕಳ ಅಂಕಪಟ್ಟಿ ತಯಾರಿಸುವ ಕಂಪ್ಯೂಟರನ್ನು ಯಾರೂ ಓವರ್‌ಕ್ಲಾಕ್ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆಟಕ್ಕಾದರೆ ಸರಿ, ಪರದೆಯ ಮೇಲೆ ಒಂದು ಚುಕ್ಕಿಯ ಬಣ್ಣ ತಪ್ಪಿದರೆ ಯಾರಿಗೂ ನಷ್ಟವಿಲ್ಲ.

ಮೊದಲು ಮಾಡಬೇಕಾದ್ದು

ಪ್ರೋಗ್ರಾಮು ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಪ್ರೊಸೆಸರಿನ ಬಳಕೆ ಶೇಕಡ 100 ಇದೆಯೆ? ಅಥವಾ ಮೆಮೊರಿ ತುಂಬಿ ಡಿಸ್ಕ್‌ನ ದೀಪ ಮಿನುಗುತ್ತಲೇ ಇದೆಯೆ? ಎರಡನೆಯದಾದರೆ ಹಣವನ್ನು ಮೆಮೊರಿಗೆ ಅಥವಾ ಎಸ್‌ಎಸ್‌ಡಿಗೆ ಹಾಕಿ. ನಾಲ್ಕು ಕೋರ್‌ಗಳಿದ್ದು ಒಂದು ಮಾತ್ರ ದುಡಿಯುತ್ತಿದ್ದರೆ, ನಾಲ್ಕು ಬೇರೆ ಬೇರೆ ಓಟಗಳನ್ನು ಒಟ್ಟಿಗೆ ಹಚ್ಚಲು ಮೆಮೊರಿ ಸಾಕಾಗುತ್ತದೆಯೆ ಎಂದು ಪರೀಕ್ಷಿಸಿ. ಸಾಕಾದರೆ 20 ರಾತ್ರಿಯ ಕೆಲಸ ಐದಾರು ರಾತ್ರಿಗೆ ಮುಗಿದೀತು. ಕಂಪೈಲರಿನಲ್ಲಿ ಆಪ್ಟಿಮೈಸೇಷನ್ ಆಯ್ಕೆಯನ್ನೇ ಕೊಡದೆ ಗಂಟೆಗಟ್ಟಲೆ ಕಾಯುವ ವಿದ್ಯಾರ್ಥಿಗಳು ಬಹಳ.

ಡಬ್ಬ ಬಿಚ್ಚಿ ದೂಳು ತೆಗೆಯಿರಿ. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡು ಬ್ರಷ್ ಆಡಿಸಿ. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವಿನ ಪೇಸ್ಟ್ ಒಣಗಿದ್ದರೆ ಒರೆಸಿ ಹೊಸದು ಹಚ್ಚಿ. ಇದಕ್ಕೆ ಫಲ ಕೂಡಲೇ ಸಿಗುತ್ತದೆ. ಇಂಟೆಲ್ 2008ರಿಂದಲೂ ಎಎಂಡಿ 2010ರಿಂದಲೂ ತಮ್ಮ ಅನೇಕ ಪ್ರೊಸೆಸರುಗಳಲ್ಲಿ ಟರ್ಬೊ ವ್ಯವಸ್ಥೆ ಅಳವಡಿಸಿವೆ. ಉಷ್ಣತೆ, ಸಾಮರ್ಥ್ಯಗಳಲ್ಲಿ ಅವಕಾಶವಿದ್ದಾಗ ಚಿಪ್ ತಾನೇ ವೇಗ ಏರಿಸಿಕೊಳ್ಳುತ್ತದೆ. ತಂಪಾಗಿಟ್ಟವರಿಗೆ ಸಿಗುವ ಈ ವೇಗಕ್ಕೆ ತಯಾರಕರ ಹೊಣೆಯೂ ಇದೆ.

ಶಿಕ್ಷಕರು ಓವರ್‌ಕ್ಲಾಕ್ ಮಾಡದೆಯೇ ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಬಹುದು. ಪ್ರೊಸೆಸರಿನ ಉಷ್ಣತೆಯನ್ನೂ ಸಾಮರ್ಥ್ಯವನ್ನೂ ತೋರಿಸುವ ಉಚಿತ ತಂತ್ರಾಂಶಗಳಿವೆ. ಸುಮ್ಮನಿದ್ದಾಗ 15 ವ್ಯಾಟ್, 47 ಡಿಗ್ರಿ. ಪೂರ್ಣ ಹೊರೆಯಲ್ಲಿ 80 ವ್ಯಾಟ್, 73 ಡಿಗ್ರಿ ಬಂತೆನ್ನಿ. ವ್ಯತ್ಯಾಸ 26 ಡಿಗ್ರಿಯನ್ನು 65 ವ್ಯಾಟ್‌ನಿಂದ ಭಾಗಿಸಿದರೆ ಉಷ್ಣರೋಧ 0.4. ಅದೇ ಮಾಪನವನ್ನು ದೂಳು ತೆಗೆಯುವ ಮೊದಲೂ ನಂತರವೂ, ಬೆಳಿಗ್ಗೆ 7ಕ್ಕೂ ಮಧ್ಯಾಹ್ನ 3ಕ್ಕೂ ಮಾಡಿಸಿ ನಕ್ಷೆ ಬರೆಸಿ. ರೇಖೆಯ ಓರೆ ಬದಲಾಗುವುದು ಯಾವಾಗ, ರೇಖೆ ಇಡಿಯಾಗಿ ಮೇಲೆ ಸರಿಯುವುದು ಯಾವಾಗ ಎಂದು ಮಕ್ಕಳೇ ಹೇಳಲಿ.

ಆದರೂ ಮಾಡುವುದಾದರೆ

ಕೆಲವರಿಗೆ ಮಾಡಿ ನೋಡುವ ಆಸೆ ಇರುತ್ತದೆ. ಅದು ತಪ್ಪಲ್ಲ, ಲೇತ್‌ನ ವೇಗ ಏರಿಸಿ ನೋಡದವನು ಟೂಲಿನ ಬಣ್ಣ ನೀಲಿಯಾಗುವುದನ್ನು ಎಂದೂ ಕಾಣುವುದಿಲ್ಲ. ಕಂಪ್ಯೂಟರ್ ನಿಮ್ಮದೇ ಆಗಿರಲಿ, ಅದರಲ್ಲಿ ಕಳೆದುಹೋಗಬಾರದ ಕಡತಗಳಿದ್ದರೆ ಬೇರೆ ಕಡೆ ಪ್ರತಿ ಇರಲಿ. ಮೊದಲ ಖರ್ಚು ಒಳ್ಳೆಯ ಕೂಲರಿಗೆ. ಉಷ್ಣರೋಧ 0.2ರ ಕೂಲರ್ ಇದ್ದರೆ ಅದೇ 121 ವ್ಯಾಟ್‌ಗೆ ಏಪ್ರಿಲ್‌ನಲ್ಲೂ 65 ಡಿಗ್ರಿಯಷ್ಟೇ. ಆಗ ನನ್ನ ಆಕ್ಷೇಪದ ಅರ್ಧ ಬಿದ್ದುಹೋಗುತ್ತದೆ. ಎಸ್‌ಎಂಪಿಎಸ್ ಹೆಸರಿಲ್ಲದ ಅಗ್ಗದ್ದಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಯುಪಿಎಸ್ ಹೊರಬಲ್ಲ ಹೊರೆಯನ್ನೂ ನೋಡಿ. ದಿನಕ್ಕೆ 5 ಗಂಟೆ ಪೂರ್ಣ ಹೊರೆಯಲ್ಲಿ ಓಡಿಸಿದರೆ ತಿಂಗಳಿಗೆ ಏಳೆಂಟು ಯೂನಿಟ್ ಹೆಚ್ಚುವರಿ ವಿದ್ಯುತ್ ಬೇಕಾಗುತ್ತದೆ.

ವೋಲ್ಟೇಜ್ ಮುಟ್ಟದೆ ಗುಣಕವನ್ನು ಒಂದೊಂದೇ ಏರಿಸುತ್ತ ಹೋಗಿ. ಪ್ರತಿ ಹಂತದಲ್ಲೂ ಉಷ್ಣತೆಯನ್ನು ಪುಸ್ತಕದಲ್ಲಿ ಬರೆಯಿರಿ. ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ರೂಪಿಸಿದ ಪ್ರೈಮ್95 ತಂತ್ರಾಂಶದ ಪರೀಕ್ಷೆ ಮೊದಲೇ ತಿಳಿದಿರುವ ಉತ್ತರದೊಂದಿಗೆ ಚಿಪ್ ಕೊಟ್ಟ ಉತ್ತರವನ್ನು ತಾಳೆ ನೋಡುತ್ತದೆ. ಕಾಣದ ತಪ್ಪು ಕಾಣಿಸಿಕೊಳ್ಳುವುದು ಇಂಥಲ್ಲಿ. ಕೆಲವು ನಿಮಿಷ ಸಾಲದು, ಹಲವು ಗಂಟೆ ಓಡಿಸಿ. ಡಬ್ಬದ ಮುಚ್ಚಳ ಹಾಕಿ, ಮಧ್ಯಾಹ್ನದ ಹೊತ್ತಿನಲ್ಲೇ ಓಡಿಸಿ. ಒಂದೇ ಒಂದು ತಪ್ಪು ಬಂದರೂ ಎರಡು ಹಂತ ಕೆಳಗಿಳಿಯಿರಿ. ಡಿಸೆಂಬರಿನಲ್ಲಿ ಪರೀಕ್ಷಿಸಿದ್ದನ್ನು ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷಿಸಿ. ಪ್ರಾಜೆಕ್ಟಿನ ಲೆಕ್ಕವನ್ನು ಅದರಲ್ಲಿ ಮಾಡಿದರೆ ಒಂದೆರಡು ಓಟಗಳನ್ನಾದರೂ ಮೂಲ ವೇಗದಲ್ಲಿ ಮತ್ತೆ ಓಡಿಸಿ, ಉತ್ತರಗಳನ್ನು ಕೊನೆಯ ಅಂಕಿಯವರೆಗೆ ಹೋಲಿಸಿ.

ಗುಣಕ ಹೆಚ್ಚಾಗಿ ಕಂಪ್ಯೂಟರ್ ಶುರುವಾಗದೆ ಕಪ್ಪು ಪರದೆ ಬಂದರೆ ಹೆದರಬೇಡಿ. ಪ್ಲಗ್ ಕಿತ್ತು, ಮದರ್‌ಬೋರ್ಡಿನ ಮೇಲಿರುವ ನಾಣ್ಯದ ಗಾತ್ರದ ಬ್ಯಾಟರಿಯನ್ನು ತೆಗೆದು, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಹೆಚ್ಚಿನ ಬೋರ್ಡುಗಳಲ್ಲಿ ಬಯಾಸ್ ಹಳೆಯ ವೇಗಕ್ಕೆ ಮರಳುತ್ತದೆ. ದಿನಾಂಕ ಮತ್ತು ಸಮಯವನ್ನು ಮಾತ್ರ ಹೊಸದಾಗಿ ಹೊಂದಿಸಬೇಕಾಗುತ್ತದೆ.